ಮಿಲ್ಲಿನ ಗೋಡೆಯ ಖಾಲಿ ಮೊಳೆ

ಭಾನುವಾರ, ಫೆಬ್ರುವರಿ ಒಂಬತ್ತು. ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ಶಾಂತವ್ವನ ಬಿಲ್ಲೆ ಕಳೆದಿರಲಿಲ್ಲ. ಅದನ್ನು ನಾನು ಬಚ್ಚಿಟ್ಟಿದ್ದೆ. ಮರೆತು ಅಲ್ಲ, ಕೈತಪ್ಪಿ ಅಲ್ಲ — ಬೇಕಂತಲೇ, ಗೊತ್ತಿದ್ದೂ ಗೊತ್ತಿದ್ದೂ. ನಾಲ್ಕು ವರ್ಷದಿಂದ ನಮ್ಮ ಓಣಿಯವರು ಆ ಮುದುಕಿ ಸುಳ್ಳು ಹೇಳಿದಳು ಎಂದುಕೊಂಡಿದ್ದಾರೆ. ಸುಳ್ಳು ಹೇಳಿದವಳು ನಾನು. ಅವಳ ಎದುರಿಗೇ, ಅವಳ ಕೈಗೆ ಚಹಾದ ಕಪ್ಪು ಕೊಟ್ಟು, ಹೇಳಿದ್ದೆ.

ಇಷ್ಟು ಬರೆದದ್ದಾಯಿತು. ಹಗುರ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನನ್ನ ಹೆಸರು ಮಹಾದೇವಿ. ಕಡೇಚೂರಿನ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ದಿನಾ ರೈಲಿನಲ್ಲಿ ಅಲ್ಲಿಗೆ ಹತ್ತಿರದ ಸೈದಾಪುರ ಸ್ಟೇಷನ್ನಿಗೆ ಹೋಗಿ ಬರುತ್ತೇನೆ. ದಿನಚರಿ ಬರೆಯುವ ಚಟ ಹೈಸ್ಕೂಲಿನಿಂದ ಇದೆ. ರೈಲು ಎಷ್ಟು ತಡ, ನಲ್ಲಿಗೆ ಎಷ್ಟು ಕೊಡ ನೀರು ಬಂತು, ಯಾರು ಏನಂದರು — ಎಲ್ಲಕ್ಕೂ ತಾರೀಖು ಹಾಕುತ್ತೇನೆ. ಯಾದಗಿರಿ ಸ್ಟೇಷನ್ನಿನ ಹಿಂದಿರುವ ನಮ್ಮ ಓಣಿಗೆ ಜನ ಜಿನ್ ಓಣಿ ಅನ್ನುತ್ತಾರೆ. ಒಂದು ಬದಿಗೆ ನಮ್ಮ ಮನೆಗಳು. ಇನ್ನೊಂದು ಬದಿಗೆ, ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಹತ್ತಿ ಜಿನ್ನಿಂಗ್ ಮಿಲ್ಲಿನ ಕಲ್ಲು ಗೋಡೆ. ಶಹಾಪುರ, ಸುರಪುರ ಕಡೆಯ ಎರೆಭೂಮಿಯ ಹತ್ತಿ ಇಲ್ಲಿಗೆ ಬಂದು, ಬೀಜ ಬೇರೆ ಅರಳೆ ಬೇರೆ ಆಗಿ, ಅಂಡಿಗೆ ಎಂಬ ಭಾರಿ ಗಂಟುಗಳಾಗಿ ರೈಲು ಹತ್ತುತ್ತಿತ್ತಂತೆ. ಓಣಿಯ ಪ್ರತಿ ಮನೆಯಿಂದಲೂ ಯಾರಾದರೊಬ್ಬರು ಅಲ್ಲಿ ದುಡಿದಿದ್ದಾರೆ. ನಾನು ಹುಟ್ಟುವ ಹೊತ್ತಿಗೆ ಮಿಲ್ಲು ಮುಚ್ಚಿತ್ತು.

ಆ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಗೇಟಿನ ಒಳಗೆ ಒಂದು ಮರದ ಹಲಗೆ, ಹಲಗೆಯ ತುಂಬ ಮೊಳೆ. ಒಂದೊಂದು ಮೊಳೆಗೆ ಒಂದೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಬೆಳಿಗ್ಗೆ ಬಂದವರು ತಮ್ಮ ಬಿಲ್ಲೆ ತೆಗೆದು ಸೆರಗಿಗೋ ಜೇಬಿಗೋ ಸಿಕ್ಕಿಸಿಕೊಂಡು ಒಳಗೆ ಹೋಗಬೇಕು. ಸಂಜೆ ಮರಳಿ ಅದೇ ಮೊಳೆಗೆ ಹಾಕಿ ಮನೆಗೆ ಹೊರಡಬೇಕು. ಕೆಲಸದಿಂದ ತೆಗೆದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಮೊಳೆ ಖಾಲಿ. ಅಷ್ಟೇ. ಬುತ್ತಿ ಹಿಡಿದುಕೊಂಡು ಮನೆಗೆ ವಾಪಸು. ಹಾಗೆ ಹೋದವರ ನಂಬರನ್ನು ಮತ್ತೆ ಯಾರೂ ತೊಡುತ್ತಿರಲಿಲ್ಲ — ಕೊಟ್ಟರೂ ಹೆಂಗಸರು ಬೇಡ ಅನ್ನುತ್ತಿದ್ದರಂತೆ, ಅದು ಅನ್ನ ತಿನ್ನಗೊಡದ ನಂಬರು ಎಂದು.

ನಮ್ಮ ಆಯಿಯದು — ಅವ್ವನ ಅವ್ವನದು — ನಲವತ್ತಾರು. ಶಾಂತವ್ವನದು ಹನ್ನೊಂದು.

ಶಾಂತವ್ವ ನಮ್ಮ ಮನೆಯಿಂದ ನಾಲ್ಕನೆಯ ಮನೆಯವಳು. ಮಿಲ್ಲಿನಲ್ಲಿ ಹೆಣ್ಣಾಳುಗಳ ಮೇಲೆ ನಿಗಾ ಇಡುವುದು, ಸಂಜೆ ಗೇಟಿನಲ್ಲಿ ಅವರ ಮೈದಡವಿ ತಪಾಸಣೆ ಮಾಡುವುದು ಅವಳ ಕೆಲಸ. ಹೊರಡುವಾಗ ಸೊಂಟದಲ್ಲಿ ಒಂದು ಹಿಡಿ ಅರಳೆ ಸಿಕ್ಕಿಸಿಕೊಳ್ಳುವುದು ಎಲ್ಲ ಹೆಂಗಸರಿಗೂ ರೂಢಿ. ದೇವರ ಮುಂದಿನ ಬತ್ತಿಗೆ. ಅದನ್ನು ಯಾರೂ ಕಳವು ಅನ್ನುತ್ತಿರಲಿಲ್ಲ; ಶಾಂತವ್ವನ ಕೈಗೆ ಅದು ತಾಗಿದರೂ ಕೈ ಮುಂದಕ್ಕೆ ಸರಿಯುತ್ತಿತ್ತು. ಒಂದು ಸಂಜೆ ಮಾತ್ರ ಸರಿಯಲಿಲ್ಲ. ಆಯಿಯ ಸೊಂಟದಿಂದ ಆ ಒಂದು ಹಿಡಿಯನ್ನು ಎಳೆದು, ಎತ್ತಿ ಹಿಡಿದಳು. ಮಿಲ್ಲಿನ ಧಣಿಯ ಮುಂದೆ ಅದನ್ನು ಆಯಿಯ ತಲೆಯ ಮೇಲಿಟ್ಟು, ಎಲ್ಲರೂ ಹೊರಟುಹೋಗುವ ತನಕ ಗೇಟಿನ ಪಕ್ಕ ನಿಲ್ಲಿಸಿದಳು. ಮರುದಿನ ಮೊಳೆ ಖಾಲಿ.

ಆಯಿ ವಿಧವೆ. ಮನೆಯಲ್ಲಿ ನಮ್ಮ ಅವ್ವ, ಆಕೆಯ ಇಬ್ಬರು ತಮ್ಮಂದಿರು. ಅವ್ವ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕೂಲಿಗೆ ಹೋಗಿದ್ದು ಆ ವರ್ಷವೇ. ಅದನ್ನೂ ಸಹಿಸಬಹುದಿತ್ತೇನೋ. ಆದರೆ ನಮ್ಮ ಮನೆಗೆ ಒಂದು ಹೆಸರು ಬಿತ್ತು — ಹತ್ತಿಕಳ್ಳಿ ಮನಿ. ಮಿಲ್ಲು ಮುಚ್ಚಿತು, ಯಂತ್ರಗಳಿಗೆ ತುಕ್ಕು ಹಿಡಿಯಿತು, ಆ ಹೆಸರಿಗೆ ಮಾತ್ರ ತುಕ್ಕು ಹಿಡಿಯಲಿಲ್ಲ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಒಬ್ಬ ಹುಡುಗಿಯ ಪೆನ್ಸಿಲ್ ಕಳೆಯಿತು. ಇಡೀ ವರ್ಗದಲ್ಲಿ ಮೊದಲು ಬಿಚ್ಚಿಸಿದ್ದು ನನ್ನ ಪಾಟೀಚೀಲ. ಯಾಕೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಆಯಿ ಸಾಯುವ ತನಕ ದೇವರ ದೀಪಕ್ಕೆ ಹತ್ತಿಯ ಬತ್ತಿ ಹಾಕಲಿಲ್ಲ. ಹಳೆಯ ಸೀರೆ ಹರಿದು ಬತ್ತಿ ಹೊಸೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನನ್ನ ಸೇಡು ಎಲ್ಲಿ ಶುರುವಾಯಿತು ಎಂದು ಕೇಳಿದರೆ, ಅಲ್ಲಿ.

ಈಗ ಗೋಡೆಯ ವಿಷಯ.

ನಾಲ್ಕು ವರ್ಷದ ಹಿಂದೆ ನಮ್ಮ ಓಣಿಗೆ ಬಂದಿದ್ದರೆ ನೀವು ಮೂಗು ಮುಚ್ಚಿಕೊಂಡೇ ಬರಬೇಕಿತ್ತು. ಸ್ಟೇಷನ್ನಿಗೆ ಬಂದವರೆಲ್ಲ ಉಚ್ಚೆ ಹೊಯ್ಯುವುದು ಮಿಲ್ಲಿನ ಗೋಡೆಗೆ. ಬಜಾರದ ಕಸ ಬೀಳುವುದು ಅದರ ಬುಡಕ್ಕೆ. ನಿವೃತ್ತ ಬಸಣ್ಣ ಮಾಸ್ತರು ಒಂದು ದಿನ ಓಣಿಯವರನ್ನೆಲ್ಲ ಹನುಮಪ್ಪನ ಕಟ್ಟೆಗೆ ಕರೆದರು.

“ನಗರಸಭಾದವ್ರು ಬರ್ತಾರಂತ ಕುಂತ್ರ ನಮ್ಮ ಮೊಮ್ಮಕ್ಕಳೂ ಇದೇ ವಾಸನಿ ಕುಡೀತಾವ. ಈ ಗ್ವಾಡಿ ನಮ್ಮ ಹಿರ್ಯಾರ ಬೆವರಿಂದು. ಅದನ್ನ ನಾವೇ ಚಂದ ಮಾಡೂಣು” ಅಂದರು.

“ಚಂದ ಮಾಡೂದು ಆಮ್ಯಾಲಿರ್ಲಿ ಮಾಸ್ತರ, ಮೊದ್ಲು ಅದರ ಮುಂದ ನಿಲ್ಲೋರ ಬೆನ್ನಿಗಿ ಒಂದೊಂದು ಬಡಿಗಿ ಏಟು ಹಾಕೂಣು” ಅಂದವನು ಕಿರಾಣಿ ಅಂಗಡಿಯ ಸಾಬಣ್ಣ. ಎಲ್ಲರೂ ನಕ್ಕರು. ನಕ್ಕವರು ಮರುದಿನ ಸಲಿಕೆ ಹಿಡಿದು ಬಂದರು.

ಹೈದರಾಬಾದಿನಲ್ಲಿರುವ ಧಣಿಯ ಮೊಮ್ಮಗ, ಗುಜರಿಯವರಿಗೆ ಕೊಡುವ ಮೊದಲು ಬೇಕಾದ್ದು ತಗೊಳ್ಳಿ ಎಂದು ಬಾಗಿಲು ತೆರೆಸಿದ. ಹತ್ತಿ ಬಿಡಿಸುವ ಜಿನ್ ಯಂತ್ರಗಳ ಕಬ್ಬಿಣದ ಚಕ್ರಗಳು ಹೊರಬಂದವು, ಅವಕ್ಕೆ ಹಸಿರು ಬಣ್ಣ ಹೊಡೆದು ಬೇವಿನ ಸಸಿಗಳಿಗೆ ಕಟಾಂಜನ ಮಾಡಿದೆವು. ಅಂಡಿಗೆ ತೂಗುವ ದೊಡ್ಡ ಹಲಗೆಗಳು ಕೂರುವ ಕಟ್ಟೆಗಳಾದವು. ಗೋಡೆಗೆ ಸುಣ್ಣ ಬಳಿದೆವು. ತೂಕದ ಮನೆಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ಕಿತು. ಅದರ ತುಂಬ ಬಿಲ್ಲೆಗಳು, ಕಿಲುಬು ಹಿಡಿದು ಕರಿ ಹಸಿರಾಗಿದ್ದವು.

ಮಾಸ್ತರರ ಕಣ್ಣು ತುಂಬಿತು. “ಇವನ್ನ ಗ್ವಾಡಿಗೆ ಹಾಕೂಣು. ಮೊಳಿ ಹೊಡದು, ಒಂದೊಂದಕ್ಕ ಒಂದೊಂದು ಬಿಲ್ಲಿ, ಕೆಳಗ ಹೆಸರು. ಮಾದೇವಿ, ನೀ ಲೆಕ್ಕದಾಕಿ ಇದ್ದಿ. ತಿಕ್ಕಿ, ನಂಬರ್ ನೋಡಿ, ಯಾರದು ಯಾವುದು ಅಂತ ಹಚ್ಚಿ ಕೊಡು” ಅಂದರು.

ನನ್ನನ್ನು ನಂಬಿ ಕೊಟ್ಟರು. ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಅರ್ಧ ಸತ್ಯವಾಗುತ್ತದೆ.

ಪೆಟ್ಟಿಗೆ ಮನೆಗೆ ತಂದು ಹುಣಸೆಹುಳಿಯಲ್ಲಿ ನೆನೆಹಾಕಿದೆ. ಅಂಗಳದಲ್ಲಿ ಕೂತು ಒಂದೊಂದಾಗಿ ತಿಕ್ಕಿದೆ. ಕಿಲುಬಿನ ಕೆಳಗಿನಿಂದ ನಂಬರು ಮೇಲೇಳುವುದನ್ನು ನೋಡುವುದೇ ಒಂದು ಖುಷಿ. ಓಣಿಯ ಮುದುಕಿಯರು ಸುತ್ತ ಕೂತು, “ಅದು ನಮ್ಮತ್ತಿದು ತಾಯಿ, ಮೂವತ್ತು!” “ಇದು ನಮ್ಮ ಮನಿಯವ್ರದು, ಕೊಡಿಲ್ಲಿ ನೋಡಾಮು” ಎಂದು ಕೈ ಚಾಚುತ್ತಿದ್ದರು. ಒಬ್ಬಳು ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡಳು. ನಾನು ನಲವತ್ತಾರಕ್ಕಾಗಿ ಕಾಯುತ್ತಿದ್ದೆ — ಸಿಗುವುದಿಲ್ಲ ಎಂದು ಗೊತ್ತಿದ್ದರೂ. ಕೆಲಸದಿಂದ ತೆಗೆದವರ ಬಿಲ್ಲೆ ಕುಲುಮೆಗೆ ಹೋಗುತ್ತಿತ್ತು.

ಎಲ್ಲರೂ ಎದ್ದು ಹೋದ ಮೇಲೆ, ಸಂಜೆ, ನನ್ನ ಹೆಬ್ಬೆರಳ ಕೆಳಗೆ ಎರಡು ಗೀಟು ಎದ್ದವು. ಹನ್ನೊಂದು.

ಬೇರೆ ಬಿಲ್ಲೆಗಳಿಗಿಂತ ಅದು ತೆಳುವಾಗಿತ್ತು. ಬಹಳ ವರ್ಷ ಬಳಸಿದ್ದು. ನಾನು ಅದನ್ನು ಸಾಲಿನಲ್ಲಿ ಇಡಲಿಲ್ಲ. ಕುಪ್ಪಸದೊಳಗೆ ಸಿಕ್ಕಿಸಿಕೊಂಡೆ. ಆಗ ಏನನ್ನೂ ಯೋಚಿಸಿರಲಿಲ್ಲ — ಎಂದು ಬರೆಯಬಹುದು. ಆದರೆ ಆ ದಿನದ ದಿನಚರಿ ಬೇರೆ ಹೇಳುತ್ತದೆ: “ಇವತ್ತು ಆಕೆಯ ಮೊಳೆ ಖಾಲಿ ಮಾಡಿದೆ.”

ಮುಂದಿನ ಸಭೆಯಲ್ಲಿ ಜಗಳ ಹತ್ತಿತು. ಬಿಲ್ಲೆ ಸಿಗದ ಮನೆಗಳವರು, ನಮ್ಮಪ್ಪನೂ ಇದ್ದ, ನಮ್ಮ ಕಾಕಾನೂ ಇದ್ದ, ಬಿಲ್ಲೆ ಇಲ್ಲದಿದ್ದರೇನು ಹೆಸರು ಬರೆಯಿರಿ ಎಂದು ಕೂಗಾಡಿದರು. ಸಾಬಣ್ಣ ಎದ್ದು, “ಹಿಂಗಾದ್ರ ನಾಳೆ ಸೈದಾಪುರದವ್ರೂ ಬಂದು ನಮ್ಮ ಮುತ್ಯಾನೂ ಇದ್ದ ಅಂತಾರ, ಗ್ವಾಡಿ ಸಾಲಂಗಿಲ್ಲ” ಅಂದ. ಮಾಸ್ತರು ತಲೆ ಹಿಡಿದುಕೊಂಡರು.

ಆಗ ನಾನು ಎದ್ದು ನಿಂತು ಆ ಮಾತು ಹೇಳಿದೆ.

“ಬಿಲ್ಲಿ ಸಿಕ್ಕವರಿಗಷ್ಟೇ ಮೊಳಿ ಹೊಡಿರಿ, ಮಾಸ್ತರ. ಬಾಯಿ ಮಾತಿಗೆ ಬ್ಯಾಡ. ನಮ್ಮ ಆಯಿದೂ ಸಿಕ್ಕಿಲ್ಲ. ನಾವೇನು ಕೇಳಾಕತ್ತಿಲ್ಲಲ್ಲ?”

ಕೂಗಾಡಿದವರು ಕೂತರು. ಹತ್ತಿಕಳ್ಳಿಯ ಮೊಮ್ಮಗಳೇ ಇಷ್ಟು ನ್ಯಾಯದ ಮಾತಾಡಿದ ಮೇಲೆ ಯಾರು ಏನನ್ನುತ್ತಾರೆ? ಮಾಸ್ತರು ನನ್ನ ತಲೆ ಸವರಿದರು. ನಮ್ಮ ಆಯಿಯ ಅವಮಾನವನ್ನೇ ಮುಂದೆ ಹಿಡಿದು ನಾನು ಅವರ ಕಣ್ಣು ಕಟ್ಟಿದೆ. ಇವತ್ತಿಗೂ ನನ್ನನ್ನು ಹೆಚ್ಚು ಚುಚ್ಚುವುದು ಬಿಲ್ಲೆ ಕದ್ದದ್ದಲ್ಲ — ಆಯಿಯನ್ನು ಹಾಗೆ ಬಳಸಿದ್ದು.

ಶಾಂತವ್ವ ಸಭೆಯ ಅಂಚಿನಲ್ಲಿ ಕೂತಿದ್ದಳು. ಎಪ್ಪತ್ತು ದಾಟಿದ ಮೈ, ಬಾಗಿದ ಬೆನ್ನು. ಅವಳು ಅಂದದ್ದು ಇಷ್ಟೇ: “ನಂದು ಅದರಾಗ ಇರಬೇಕಲ್ಲವ್ವ. ಮಿಲ್ಲ ಮುಚ್ಚಿದ ದಿನ ನಾನೇ ಪೆಟ್ಟಿಗ್ಯಾಗ ಹಾಕೀನಿ. ಚೊಲೊ ನೋಡು.”

“ನೋಡೀನ್ರಿ ಆಯಿ. ಇಲ್ಲ.”

ಮರುದಿನದಿಂದ ಅವಳು ಮಿಲ್ಲಿನೊಳಗೆ ಹೋಗತೊಡಗಿದಳು. ನಾವು ಹೊರಹಾಕಿದ ಕಸದ ಗುಡ್ಡೆ ಅಲ್ಲೇ ಇತ್ತು. ಕೊಳೆತ ಹತ್ತಿಕಾಳು, ಗೋಣಿಚಿಂದಿ, ತುಕ್ಕು, ಒಡೆದ ಗಾಜು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಜೋಳ ಹಸನು ಮಾಡುವವಳ ಹಾಗೆ, ಮೊರದಲ್ಲಿ ಕಸ ತುಂಬಿಕೊಂಡು ಬೆರಳಾಡಿಸುತ್ತಿದ್ದಳು. ನಾನು ಸ್ಟೇಷನ್ನಿಗೆ ಹೋಗುವಾಗಲೂ ಅಲ್ಲಿದ್ದಳು, ಬರುವಾಗಲೂ. ಗಾಜು ತಾಗಿ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ದಾರಿಹೋಕರಿಗೆ ಅದು ತಮಾಷೆ.

“ಏನು ಶಾಂತವ್ವ, ಧಣ್ಯಾರ ಬಂಗಾರ ಹುಗಿದಿಟ್ಟೀಯೇನು?”

“ಬಂಗಾರ ಹುಗಿಯೂದು ನಿಮ್ಮಪ್ಪ ಕಲಿಸಿಲ್ಲೇನು ನಿನಗ? ನಡಿ ನಡಿ, ಬಿಸಲಾಗ್ತದ” ಎನ್ನುತ್ತಿದ್ದಳು ತಲೆ ಎತ್ತದೆ.

ನಾನು ದಿನಾ ನೋಡಿದೆ. ನೋಡಿದ್ದನ್ನು ದಿನಾ ಬರೆದುಕೊಂಡೆ. ಆ ಪುಟಗಳಲ್ಲಿ ಅಯ್ಯೋ ಎಂಬ ಒಂದು ಶಬ್ದವಿಲ್ಲ. ಒಂದು ಹಿಡಿ ಅರಳೆಗೆ ನಮ್ಮ ಆಯಿಯನ್ನು ನಿಲ್ಲಿಸಿದವಳು ಒಂದು ಬಿಲ್ಲೆಗಾಗಿ ಕೂತಿದ್ದಾಳೆ — ಇದು ನನಗೆ ಊಟದಷ್ಟು ರುಚಿಯಾಗಿತ್ತು. ಕ್ಷಮಿಸಿ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಆದರೆ ರುಚಿಯಾಗಿದ್ದದ್ದು ನಿಜ.

ಗೋಡೆಯ ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ಇಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ತುಳಿದವಳಲ್ಲ. ಅವ್ವ ಕೂಲಿಗೆ ಹೋಗಿದ್ದಳು, ನನಗೆ ರಜೆ. ಒಳಗೆ ಬರ್ರಿ ಎಂದೆ. ಬರಲಿಲ್ಲ, ಬಾಗಿಲ ಬಳಿಯೇ ಕೂತಳು. ಚಹಾ ಕೊಟ್ಟೆ. ಕಪ್ಪನ್ನು ಪಕ್ಕದಲ್ಲಿಟ್ಟು ಸೀರೆಯ ಗಂಟು ಬಿಚ್ಚಿದಳು. ಗಂಟಿನೊಳಗೆ ಹಳದಿ ಅರಿವೆ, ಅರಿವೆಯೊಳಗೆ ಬಿಲ್ಲೆ.

ನಲವತ್ತಾರು.

ಅದಕ್ಕೆ ಕಿಲುಬು ಹಿಡಿದಿರಲಿಲ್ಲ. ಯಾರೋ ಹಬ್ಬಹಬ್ಬಕ್ಕೆ ತಿಕ್ಕಿದ ಹಾಗೆ ಹೊಳೆಯುತ್ತಿತ್ತು.

“ನಿಮ್ಮ ಆಯಿದು” ಅಂದಳು. “ಕುಲುಮಿಗಿ ಒಗಿ ಅಂದಿದ್ರು ಧಣ್ಯಾರು. ಕೈ ಬರಲಿಲ್ಲ. ಆಕಿ ಇದ್ದಾಗ ಕೊಡಬೇಕಂತ ಎರಡ ಸಲ ಬಾಗಲ ತನಕ ಬಂದೀನಿ. ಆಕಿ ನನ್ನ ನೋಡಿ ಕದ ಹಾಕ್ಕೊಂಡ್ಳು. ತಪ್ಪೇನಿಲ್ಲ ಆಕಿದು.”

ಬಿಲ್ಲೆಯನ್ನು ಅಂಗೈಗೆ ತೆಗೆದುಕೊಂಡೆ. ಆದರೂ ಬಾಯಿಂದ ಬಂದದ್ದು ಸಿಟ್ಟೇ.

“ಒಂದು ಹಿಡಿ ಅರಳಿಗಿ ಹಂಗ ಮಾಡ್ತಾರೇನ್ರಿ? ಎಲ್ಲಾರೂ ಒಯ್ತಿದ್ರಲ್ಲ?”

“ಒಯ್ತಿದ್ರು. ನಾನೂ ಒಯ್ತಿದ್ದೆ.”

“ಮತ್ತ?”

ಖಾಲಿ ಅರಿವೆಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ — “ಅವತ್ತು ಮಧ್ಯಾಹ್ನ ಒಬ್ರು ಧಣ್ಯಾರ ಕಿವಿ ಊದಿದ್ರು. ಇವತ್ತು ನಲವತ್ತಾರು ನೋಡು, ಬಿಟ್ರ ನಿನ್ನ ಬಿಲ್ಲಿನೂ ತೆಗಿತೀನಿ ಅಂದ್ರು ಧಣ್ಯಾರು. ನನಗೂ ಮಕ್ಕಳಿದ್ವು.”

“ಯಾರು? ಯಾರು ಹೇಳಿದ್ರು?”

“ಸತ್ತೋರ ಹೆಸರು ಬ್ಯಾಡವ್ವ. ಅವರ ಮಕ್ಕಳು ಇದೇ ಓಣ್ಯಾಗ ಅದಾರ. ನಾಳಿಗಿ ನೀವು ನೀವು ಒಬ್ರದೊಬ್ರು ಮಾರಿ ನೋಡಂಗಿಲ್ಲ. ಎಲ್ಲಾ ನನ್ನ ಮ್ಯಾಲೇ ಇರ್ಲಿ. ನಂದೇ ಕೈ ಅಲ್ಲ ಅದು, ಎತ್ತಿ ಹಿಡದದ್ದು?”

ಏಳುವಾಗ ಗೋಡೆ ಹಿಡಿದು ಎದ್ದಳು. ಚಹಾ ಹಾಗೇ ಇತ್ತು. “ನಂದು ಸಿಕ್ರ ಹೇಳವ್ವ. ಗಂಡ ಹ್ವಾದ, ಮಗ ಹ್ವಾದ. ನಾ ದುಡದೀನಿ ಅನ್ನಾಕ ಅದೊಂದೇ ಅದ” ಅಂದಳು.

ಹನ್ನೊಂದು ನಂಬರಿನ ಬಿಲ್ಲೆ ಆಗ ನನ್ನ ಬೆನ್ನ ಹಿಂದೆ, ಗೂಟಕ್ಕೆ ಹಾಕಿದ ಕೈಚೀಲದಲ್ಲಿತ್ತು. ತಿರುಗಿ ಕೈ ಹಾಕಿದ್ದರೆ ಸಿಗುತ್ತಿತ್ತು.

“ಸಿಕ್ರ ಹೇಳ್ತೀನ್ರಿ ಆಯಿ” ಎಂದೆ.

ಇದೇ ನನ್ನ ತಪ್ಪು. ಮೊದಲು ಕದ್ದದ್ದಕ್ಕೆ ಆಯಿಯ ನೋವಿನ ನೆಪವಾದರೂ ಇತ್ತು. ಆಯಿಯ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಅದನ್ನು ಅಷ್ಟು ವರ್ಷ ಕಾಪಾಡಿದವಳ ಮುಖ ನೋಡುತ್ತ ಹೇಳಿದ ಈ ಸುಳ್ಳಿಗೆ — ಏನೂ ಇಲ್ಲ. ಅವಳು ಹೇಳಿದ್ದನ್ನು ನಾನು ನಂಬಲಿಲ್ಲ ಎಂದು ಆಗ ಅಂದುಕೊಂಡೆ. ಬಿಲ್ಲೆಗೆ ಬಿಲ್ಲೆ ವಿನಿಮಯ ಮಾಡಲು ಬಂದಿದ್ದಾಳೆ, ಬೇರೆಯವರ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಾಳೆ ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ನಂಬಿದ್ದೆ. ನಂಬಿದರೆ ಇಷ್ಟು ವರ್ಷ ಸಾಕಿದ ಸಿಟ್ಟನ್ನು ಎಲ್ಲಿ ಇಡುವುದು ಎಂದು ತಿಳಿಯಲಿಲ್ಲ. ಇಡಲು ನನಗೆ ಒಂದು ಮುಖ ಬೇಕಿತ್ತು. ಗೊತ್ತಿದ್ದ ಮುಖ ಅದೊಂದೇ.

ಉದ್ಘಾಟನೆಯ ದಿನ ಓಣಿ ಮದುಮಗಳ ಹಾಗೆ ಇತ್ತು. ಹೆಂಗಸರು ನಸುಕಿನಲ್ಲೇ ಗೋಡೆಯುದ್ದಕ್ಕೂ ರಂಗೋಲಿ ಹಾಕಿದ್ದರು. ಐವತ್ತೆಂಟು ಬಿಲ್ಲೆ, ಐವತ್ತೆಂಟು ಹೆಸರು. ನಲವತ್ತಾರು ಕಸದಲ್ಲಿ ಸಿಕ್ಕಿತು ಎಂದು ಮಾಸ್ತರರಿಗೆ ಹೇಳಿದ್ದೆ — ಇನ್ನೊಂದು ಸುಳ್ಳು. ಅವ್ವ ಅದನ್ನು ಮೊಳೆಗೆ ಹಾಕಿದಾಗ ಜನ ಚಪ್ಪಾಳೆ ತಟ್ಟಿದರು. ಹತ್ತಿಕಳ್ಳಿ ಮನಿ ಎಂದು ಕರೆಯುತ್ತಿದ್ದವರೇ ತಟ್ಟಿದರು. ಅವ್ವ ಸೆರಗು ಬಾಯಿಗೊತ್ತಿ ಅತ್ತಳು.

ಆ ಚಪ್ಪಾಳೆಯ ನಡುವೆ ಬೇರೊಂದು ಸದ್ದು ಕೇಳಿತು. ಟಣ್, ಟಣ್. ಸಾಲಿನ ಕೊನೆಯಲ್ಲಿ ಶಾಂತವ್ವ ಕಲ್ಲಿನಿಂದ ಗೋಡೆಯ ಸಂದಿಗೆ ಒಂದು ಮೊಳೆ ಹೊಡೆಯುತ್ತಿದ್ದಳು.

“ಏ, ಯಾರದದು ಮೊಳಿ?” ಎಂದ ಸಾಬಣ್ಣ.

“ನಂದು. ಹನ್ನೊಂದು.”

“ಬಿಲ್ಲಿ?”

“ಬಿಲ್ಲಿ ಇಲ್ಲ. ಮೊಳಿ ಇರ್ಲಿ.”

“ಬಿಲ್ಲಿ ಇಲ್ದೋರಿಗಿ ಮೊಳಿ ಇಲ್ಲಂತ ಆಗ್ಯಾದಲ್ಲ? ನೀ ಏನು ಕೂಲಿ ಮಾಡೀದಿ ಬಿಡವ್ವ, ಧಣ್ಯಾರ ಬಾಗಲಾ ಕಾದಿ!”

ಜನ ನಕ್ಕರು. ಅವಳು ನನ್ನತ್ತ ನೋಡಿದಳು — ಲೆಕ್ಕ ನನ್ನ ಕೈಲಿತ್ತು, ನಾನು ಏನಾದರೂ ಹೇಳಬಹುದಿತ್ತು. ನಾನೂ ನಕ್ಕೆ. ಸಣ್ಣಗೆ. ಅವಳಿಗೆ ಕಾಣುವಷ್ಟು.

ಮಾಸ್ತರು ಮೊಳೆ ಕೀಳಿಸಲಿಲ್ಲ. ಕೀಳಿಸಿದ್ದರೆ ಚೆನ್ನಾಗಿತ್ತು. ಬಿಲ್ಲೆ ಪೆಟ್ಟಿಗೆಗೆ ಹಾಕಿದೆ ಎಂದದ್ದೇ ಸುಳ್ಳು ಎಂಬ ಮಾತು ಹಬ್ಬಿ, ವಾರದೊಳಗೆ ಯಾರೋ ಅದಕ್ಕೆ ಹರಿದ ಚಪ್ಪಲಿ ತೂಗುಹಾಕಿದರು. ಶಾಂತವ್ವ ತೆಗೆದಳು. ಮತ್ತೆ ಹಾಕಿದರು. ತೆಗೆದಳು. ಮತ್ತೆ ಹಾಕಿದರು. ನಾನು ದಿನಕ್ಕೆ ಎರಡು ಸಲ ಅದರ ಮುಂದೆ ಹಾದುಹೋದೆ. ಒಂದು ಸಲವೂ ಕೈ ಎತ್ತಲಿಲ್ಲ. ಕೊನೆಗೊಂದು ದಿನ ಅವಳು ತೆಗೆಯುವುದನ್ನು ಬಿಟ್ಟಳು. ಕೆಂಭಾವಿಯಿಂದ ಮಗಳು ಬಂದು, ಎರಡು ಗಂಟು ಮೂಟೆ ಕಟ್ಟಿ, ಅವಳನ್ನು ಕರೆದುಕೊಂಡು ಹೋದಳು. ಆಟೋ ಹತ್ತುವಾಗ ಶಾಂತವ್ವ ಗೋಡೆಯ ಕಡೆ ತಿರುಗಲಿಲ್ಲ. ಮಗಳು ಮಾತ್ರ ತಿರುಗಿ, ನಮ್ಮ ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು. ಆ ನೋಟ ನನಗೆ ಗೊತ್ತು. ಅದನ್ನು ನಾನು ಚಿಕ್ಕಂದಿನಿಂದ ಅಭ್ಯಾಸ ಮಾಡಿದ್ದೇನೆ.

ಆ ತಿಂಗಳೇ ಶಹಾಪುರದ ಚಿಕ್ಕವ್ವನ ಮನೆಗೆ ಹೋಗುವಾಗ, ಭೀಮಾ ನದಿಯ ಸೇತುವೆಯ ಮೇಲೆ, ಬಸ್ಸಿನ ಕಿಟಕಿಯಿಂದ ಹನ್ನೊಂದನ್ನು ಎಸೆದೆ. ಭಯಕ್ಕೆ. ಸಿಕ್ಕಿಬೀಳುವ ಭಯ ಅಷ್ಟೇ. ಬೇರೆ ಯಾವ ದೊಡ್ಡ ಭಾವನೆಯೂ ಇರಲಿಲ್ಲ. ಬಿಲ್ಲೆ ಬಿಸಿಲಿಗೆ ಒಮ್ಮೆ ಮಿಂಚಿತು. ನೀರಿಗೆ ಬಿತ್ತೋ, ಮರಳಿಗೆ ಬಿತ್ತೋ ಕಾಣಲಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ? ನಮ್ಮ ಗೋಡೆ ಈಗ ಹೆಸರು ಮಾಡಿದೆ. ದೋರನಹಳ್ಳಿ ಶಾಲೆಯ ಮಕ್ಕಳು ಬಂದು ನೋಡಿದರು, ಸುರಪುರದಿಂದ ಬಂದವರು ಫೋಟೋ ತೆಗೆದುಕೊಂಡರು. ಕಸ ಇಲ್ಲ, ನಾತ ಇಲ್ಲ, ಬೇವಿನ ನೆರಳಿನ ಕಟ್ಟೆಯ ಮೇಲೆ ಸಂಜೆಗೆ ಮುದುಕರು ಕೂರುತ್ತಾರೆ. ಅದು ಒಳ್ಳೆಯ ಕೆಲಸ, ಎಲ್ಲರೂ ಸೇರಿ ಮಾಡಿದ್ದು. ನಾನು ಮಾಡಿದ್ದರಿಂದ ಅದು ಕೆಡಬಾರದು. ನಿನ್ನೆ ಬಂದ ಅತಿಥಿಗಳೊಬ್ಬರು ಕೊನೆಯ ಮೊಳೆ ಯಾಕೆ ಖಾಲಿ ಎಂದು ಕೇಳಿದರು. ಸಾಬಣ್ಣನ ಮಗಳು, ಮೂರನೆಯ ಇಯತ್ತೆ ಓದುವವಳು, ಪಾಠ ಒಪ್ಪಿಸುವ ಹಾಗೆ ಹೇಳಿದಳು: “ಅದಾ? ಒಬ್ಬಾಕಿ ಸುಳ್ಳಿ ಮುದುಕಿ ಇದ್ಳರಿ. ಮಿಲ್ಲಿನ್ಯಾಗ ದುಡದೀನಂತ ಸುಳ್ಳ ಹೇಳಿ ಹೊಡದಾಳರಿ.”

ಸುಳ್ಳಿ ಮುದುಕಿ. ಇನ್ನು ಮೂವತ್ತು ವರ್ಷ ಆ ಹೆಸರಿಗೆ ತುಕ್ಕು ಹಿಡಿಯುವುದಿಲ್ಲ. ಕೆಂಭಾವಿಯಲ್ಲಿ ಅವಳ ಮೊಮ್ಮಗಳ ಪಾಟೀಚೀಲವನ್ನು ಯಾರು ಮೊದಲು ಬಿಚ್ಚಿಸುತ್ತಾರೋ.

ನನ್ನ ಸಿಟ್ಟು ಹೋಗಿದೆ ಎಂದು ಹೇಳಿದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಶಾಂತವ್ವ ಎತ್ತಿ ಹಿಡಿದ ಆ ಕೈಯನ್ನು ನಾನು ಇನ್ನೂ ಕ್ಷಮಿಸಿಲ್ಲ. ಧಣಿಯ ಕಿವಿ ಊದಿದವರು ಯಾರು ಎಂದು ಯೋಚಿಸುತ್ತ ಓಣಿಯಲ್ಲಿ ನಡೆಯುವಾಗ ಒಂದೊಂದು ಬಾಗಿಲ ಮುಂದೆಯೂ ನನ್ನ ಹೆಜ್ಜೆ ನಿಧಾನವಾಗುತ್ತದೆ. “ಇದೇ ಓಣ್ಯಾಗ ಅದಾರ” ಅಂದಿದ್ದಳು. ಇದೇ ಓಣಿಯಲ್ಲಿ ನಮ್ಮ ಮನೆಯೂ ಇದೆ, ಆಯಿಯ ತೀರಿಹೋದ ನಾದಿನಿಯ ಮಕ್ಕಳ ಮನೆಯೂ ಇದೆ. ಶಾಂತವ್ವ ಹೆಸರು ನುಂಗಿದ್ದು ಯಾರನ್ನು ಉಳಿಸಲು — ಇಲ್ಲ, ಅದನ್ನು ನಾನು ಊಹಿಸಬಾರದು. ಊಹೆಯಿಂದಲೇ ಇಷ್ಟೆಲ್ಲ ಆಯಿತು.

ನಿನ್ನೆ ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಮ್ಮವ್ವ ಇದ್ದಿದ್ರ ನಿನ್ನ ಕೈಲಿ ನೀರೂ ಕುಡೀತಿದ್ದಿಲ್ಲ” ಅಂದಳು. ಮತ್ತೆ ರೊಟ್ಟಿ ಬಡಿದಳು.

ಬರುವ ಭಾನುವಾರ ಕೆಂಭಾವಿಗೆ ಹೋಗುತ್ತೇನೆ. ಶಾಂತವ್ವನಿಗೆ ಕಿವಿ ಮಂದವಾಗಿದೆಯಂತೆ. ಮಗಳ ಎದುರು, ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ ಹೇಳುತ್ತೇನೆ. ಕದ ಹಾಕಿಕೊಂಡರೆ ಕದದ ಮುಂದೆ ಹೇಳುತ್ತೇನೆ. ಬಂದ ಮೇಲೆ ಗೋಡೆಯ ಕಟ್ಟೆಯ ಮೇಲೆ ಓಣಿಯವರನ್ನು ಕೂಡಿಸಿ ಇದನ್ನೇ ಓದುತ್ತೇನೆ. ಖಾಲಿ ಮೊಳೆಯ ಕೆಳಗೆ ಅವಳ ಹೆಸರು ಬರೆಸುವುದು ಬಿಡುವುದು ಓಣಿಯವರಿಗೆ ಬಿಟ್ಟದ್ದು. ಆದರೆ ಅದು ಯಾಕೆ ಖಾಲಿ ಎಂದು ಇನ್ನು ಮೇಲೆ ಯಾರು ಕೇಳಿದರೂ ಉತ್ತರದಲ್ಲಿ ನನ್ನ ಹೆಸರು ಇರಬೇಕು.

ಓದುತ್ತಿರುವವರಲ್ಲಿ ಯಾರಾದರೂ ಆ ಮಿಲ್ಲಿನಲ್ಲಿ ದುಡಿದವರಿದ್ದರೆ, ನಲವತ್ತಾರನ್ನು ಗೇಟಿನಲ್ಲಿ ನಿಲ್ಲಿಸಿದ ಆ ಸಂಜೆ ಅಲ್ಲಿದ್ದವರಿದ್ದರೆ, ಕಂಡದ್ದನ್ನು ಕಂಡ ಹಾಗೆ ಬರೆದು ತಿಳಿಸಿ — ಧಣಿಗೆ ಚಾಡಿ ಹೇಳಿದವರ ಹೆಸರು ಬೇಡ. ಶಾಂತವ್ವನಿಗೆ ಧಣಿ ಏನೆಂದು ಬೆದರಿಸಿದ ಎಂಬುದಷ್ಟೇ ಸಾಕು. ಹಾಗೆಯೇ ಭೀಮಾ ಸೇತುವೆಯ ಕೆಳಗೆ ಬಲೆ ಬೀಸುವವರು, ಮರಳು ಜಾಲಿಸುವವರು, ಬಟ್ಟೆ ಒಗೆಯುವವರು ಯಾರಾದರೂ ಆಗಲಿ, ಮೇಲೆ ಒಂದು ತೂತು, ನಡುವೆ ಹನ್ನೊಂದು ಎಂದು ಕೆತ್ತಿದ, ಸವೆದು ತೆಳ್ಳಗಾದ ಹಿತ್ತಾಳೆಯ ಬಿಲ್ಲೆಯೊಂದನ್ನು ಕಂಡಿದ್ದರೆ, ದಯವಿಟ್ಟು ಯಾದಗಿರಿಯ ಜಿನ್ ಓಣಿಗೆ ಒಂದು ಕಾಗದ ಹಾಕಿ. ತರುವುದು ಬೇಡ. ನೀವಿದ್ದಲ್ಲಿಗೆ ನಾನೇ ಬರುತ್ತೇನೆ.